ಒಳಜೇಬು

ಜೂನ್ 9, ಸೋಮವಾರ

ಈ ಪುಸ್ತಕ ಕೊಂಡಿದ್ದು ಬೈಯುವುದಕ್ಕೆ. ಬ್ಲಾಗಿನಲ್ಲಿ ಬೈಯುವ ಹಾಗಿಲ್ಲ. ಅಲ್ಲಿ ನಾನು ‘ನಂಜನಗೂಡಿನ ಟೈಲರಕ್ಕ’, ಮೆಷಿನ್ ತುಳಿಯುತ್ತಾ ನಗುನಗುತ್ತಾ ಸಂಸಾರ ಮಾಡುವವಳು. ನನ್ನ ಗಂಡ ನಿಂಗರಾಜು ಫ್ಯಾಕ್ಟರಿಯಿಂದ ಬಂದು ಸಾಕ್ಸನ್ನು ಮಂಚದ ಕೆಳಗೆ ಎಸೆದ ಅಂತ ಬರೆದರೂ ಅದು ತಮಾಷೆಯಾಗಿಯೇ ಮುಗಿಯಬೇಕು. ಓದುವವರಿಗೆ ಹಾಗೇ ಬೇಕು. ಇಲ್ಲಿ ತಮಾಷೆ ಇಲ್ಲ. ಇಲ್ಲಿ ಸಾಕ್ಸು ನಾರುತ್ತದೆ.

ಇವತ್ತಿನ ಬೈಗುಳ ಬ್ಯಾಂಕಿನ ಸುಬ್ಬಲಕ್ಷ್ಮಮ್ಮನಿಗೆ. ತಾನು ಊದಿಕೊಂಡು, ‘ಏನ್ ಶೃತಿ, ಈ ಸಲ ಬಿಗಿಯಾಗಿ ಹೊಲ್ದುಬಿಟ್ಟಿದ್ದೀಯ’ ಅಂತ ನಾಲ್ಕು ಜನರೆದುರು ಅಂದಳು. ಅಳತೆಗೆ ಅಂತ ಆ ಮಹಾತಾಯಿ ಕೊಟ್ಟಿದ್ದು ಅವಳ ಮದುವೆಯಾದ ಹೊಸದರಲ್ಲಿ ಹೊಲಿಸಿದ ಬ್ಲೌಸು. ನಾನೇನು ಕನಸು ಕಾಣಬೇಕಿತ್ತೇ?

ಒಂದೇ ಒಂದು ಒಳ್ಳೆಯದಾಯಿತು. ರುದ್ರಮ್ಮನವರು ಬಂದಿದ್ದರು. ಟಿ. ನರಸೀಪುರದವರು, ಯಜಮಾನರದು ಅಕ್ಕಿ ವ್ಯಾಪಾರ. ಅಲ್ಲಿ ಬೀದಿಗೊಬ್ಬ ಟೈಲರ್ ಇದ್ದರೂ ಬಸ್ಸು ಹತ್ತಿ ನನ್ನ ಅಂಗಡಿಗೇ ಬರುತ್ತಾರೆ. ಹೋದ ವರ್ಷ ಮೈಸೂರಿನಲ್ಲಿ ಅವರಿಗೆ ಆಪರೇಶನ್ ಆಗಿ ಎಡಗಡೆಯ ಎದೆ ತೆಗೆದಿದ್ದಾರೆ. ಗಂಡ, ಮಗಳು ಬಿಟ್ಟರೆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಹೊಟ್ಟೆಯಲ್ಲಿ ಕಲ್ಲು ಇತ್ತು ಅಂತ ಯಜಮಾನರು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರಂತೆ. ನಾನು ಎಡಗಡೆಗೆ ಹತ್ತಿಯ ಪ್ಯಾಡ್ ಇಟ್ಟು ಹೊಲಿದುಕೊಡುತ್ತೇನೆ.

ಅವರು ಲಿಂಗ ಕಟ್ಟುವವರು. ಬೆಳ್ಳಿಯ ಕರಡಿಗೆಯೊಳಗೆ ಲಿಂಗ, ಅದನ್ನು ಶಿವದಾರದಲ್ಲಿ ಕೊರಳಿಗೆ ಹಾಕಿಕೊಂಡು ಬ್ಲೌಸಿನೊಳಗೆ ಇಳಿಬಿಟ್ಟಿರುತ್ತಾರೆ. ಆಪರೇಶನ್ ಆದಮೇಲೆ ಅದು ಜಾರಿ ಜಾರಿ ಗಾಯದ ಗೆರೆಯ ಮೇಲೆ ಒತ್ತುತ್ತಿತ್ತು. ಕೊರಳಿಂದ ತೆಗೆಯಲು ಅವರು ಒಪ್ಪರು. ನಾನು ಲೈನಿಂಗಿನಲ್ಲಿ ಬಲಗಡೆಗೆ, ಕಂಕುಳ ಹತ್ತಿರ, ಕರಡಿಗೆಗೆ ಸರಿಯಾಗಿ ಒಂದು ಒಳಜೇಬು ಹೊಲಿದೆ. ಇವತ್ತು ಹಾಕಿ ನೋಡಿದರು. ಕೈ ಎತ್ತಿದರು, ಬಗ್ಗಿದರು, ಕೂತು ಎದ್ದು ನೋಡಿದರು. ಎಲ್ಲಿಯೂ ಒತ್ತಲಿಲ್ಲ. ಕನ್ನಡಿ ಮುಂದೆ ನಿಂತು ಅತ್ತುಬಿಟ್ಟರು. ನಾನೂ ಅತ್ತೆ.

ಇಂಥದ್ದನ್ನು ಬರೆಯದೆ ಇನ್ನೇನು ಬರೆಯುವುದು? ಸಂಜೆಯೇ ಬ್ಲಾಗಿಗೆ ಹಾಕಿದೆ. ಹೆಸರಿಲ್ಲ, ಊರಿಲ್ಲ, ವಯಸ್ಸಿಲ್ಲ, ಫೋಟೋ ಇಲ್ಲ. ಗಿರಾಕಿಯ ಗುಟ್ಟು ಕಾಪಾಡುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಜೂನ್ 11, ಬುಧವಾರ

ಇಷ್ಟು ಜನ ಯಾವತ್ತೂ ಓದಿರಲಿಲ್ಲ. ಯಾರ್ಯಾರೋ ಹಂಚಿಕೊಂಡಿದ್ದಾರೆ. ‘ಕಣ್ಣು ತುಂಬಿ ಬಂತು ಅಕ್ಕ’ ಅಂತ ದುಬೈಯಿಂದ ಒಬ್ಬರು. ಮೈಸೂರಿನ ಒಂದು ಪತ್ರಿಕೆಯ ಹುಡುಗಿ ಮೆಸೇಜ್ ಮಾಡಿ, ಭಾನುವಾರದ ಪುಟಕ್ಕೆ ಹಾಕುತ್ತೇವೆ, ಆ ಬ್ಲೌಸಿನ ಒಳಮೈಯ ಫೋಟೋ ಸಿಗುತ್ತದೆಯೇ ಎಂದಳು.

ಈ ಖುಷಿಯ ಮಧ್ಯೆ ನಿಂಗರಾಜು ತಟ್ಟೆಯಿಂದ ತಲೆ ಎತ್ತದೆ, “ಆ ಯಮ್ಮನ್ನ ಒಂದ್ ಮಾತು ಕೇಳಿದ್ಯಾ?” ಅಂದ.

“ಹೆಸರೇ ಹಾಕಿಲ್ಲವಲ್ಲ, ಕೇಳೋದೇನು?”

“ಅದ್ಸರಿ. ಕೇಳಿದ್ಯಾ ಅಂದೆ.”

ಹೆಂಡತಿ ನಾಲ್ಕು ಜನರ ಬಾಯಲ್ಲಿ ಒಳ್ಳೆಯವಳಾದರೆ ಈ ಗಂಡಸರಿಗೆ ಅನ್ನ ಇಳಿಯುವುದಿಲ್ಲ. ಎದ್ದು ಹೋಗಿ ಪಾತ್ರೆ ಕುಕ್ಕಿದೆ.

ಜೂನ್ 14, ಶನಿವಾರ

ಬ್ಲಾಗಿನ ಕೆಳಗೆ ಒಂದು ಕಾಮೆಂಟು: ‘ದಿನಾ ಕರಡಿಗೆ ಕಟ್ಟುವ ಹೆಂಗಸರು ಈಗೆಲ್ಲಿದ್ದಾರೆ? ನಮ್ಮ ನರಸೀಪುರದಲ್ಲಿ ಒಬ್ಬರೇ.’ ಪಕ್ಕದಲ್ಲಿ ಕೈ ಮುಗಿಯುವ ಚಿತ್ರ. ಅದರ ಕೆಳಗೆ ಇನ್ನೊಬ್ಬಳು, ‘ಅಯ್ಯೋ, ಅವರೇನಾ?’

ಅಳಿಸಿದೆ. ಪಕ್ಕದ ಮ್ಯಾಚಿಂಗ್ ಸೆಂಟರಿನ ಮದನ್ ಲಿಂಗಾಯತರು, ಎರಡು ಮಕ್ಕಳ ತಂದೆ. ದಾರದ ಉಂಡೆ ಕೊಳ್ಳುವ ನೆಪದಲ್ಲಿ ಹೋಗಿ, ನೀವೆಲ್ಲ ಲಿಂಗ ಕಟ್ಟುತ್ತೀರಿ ತಾನೇ ಎಂದು ಕೇಳಿದೆ.

ಮದನ್ ನಕ್ಕ. “ಯಾರು ಕಟ್ತಾರಕ್ಕ ಈಗ? ನಾನು ಮದ್ವೆ ದಿನ ಕಟ್ಟಿದ್ದು, ಆಮೇಲೆ ಅದು ದೇವ್ರಗೂಡಲ್ಲೇ ಅದೆ. ನಮ್ಮವ್ವನೂ ಪೂಜೆ ಹೊತ್ತಲ್ಲಿ ಕೈಗ್ ತಗೊಂಡು ಆಮೇಲೆ ಅಲ್ಲೇ ಇಡ್ತಾರೆ. ಹೆಂಗಸ್ರು ಬ್ಲೌಸೊಳಗೆ ಕಟ್ಕಂಡು ಓಡಾಡೋದು ಅಂದ್ರೆ, ಊರಿಗೊಬ್ರು ಸಿಕ್ಕಿದ್ರೆ ಹೆಚ್ಚು.”

ನನಗೇನು ಗೊತ್ತು? ನಮ್ಮದು ಗೌಡರ ಮನೆ. ಲಿಂಗಾಯತರು ಅಂದರೆ ಎಲ್ಲರೂ ಕಟ್ಟುತ್ತಾರೆ, ನಾವು ತಾಳಿ ಕಟ್ಟಿಕೊಂಡ ಹಾಗೆ, ಅಂದುಕೊಂಡಿದ್ದೆ. ಹೆಸರು ತೆಗೆದೆ, ಊರು ತೆಗೆದೆ, ಕರಡಿಗೆಯನ್ನು ಮಾತ್ರ ಹಾಗೇ ಉಳಿಸಿಕೊಂಡೆ. ಬರಹಕ್ಕೆ ಅದೇ ಚೆಂದ ಅಂತ ಉಳಿಸಿಕೊಂಡೆ.

ಮದನ್ ಚಿಲ್ಲರೆ ಕೊಡುತ್ತಾ, “ಯಾಕಕ್ಕ, ಬ್ಲಾಗಲ್ಲಿ ಬರ್ದಿದ್ರಲ್ಲ, ಅವ್ರು ನರಸೀಪುರದೋರಾ?” ಎಂದ. ಹಲ್ಲಿಗೆ ಹೊಡೆಯೋಣ ಅನ್ನಿಸಿತು.

ಜೂನ್ 16, ಸೋಮವಾರ

ರುದ್ರಮ್ಮನವರು ಬಂದರು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಸ್ಟೂಲಿನ ಮೇಲೆ ಸೆರಗು ಹೊದ್ದು ಸುಮ್ಮನೆ ಕೂತಿದ್ದರು. ನಾನು ಫಾಲ್ಸ್ ಹೊಲಿಯುತ್ತಾ ಒಂದೇ ಕಡೆ ಎರಡು ಸಲ ಹೊಲಿಗೆ ತಪ್ಪಿಸಿದೆ.

ಗಿರಾಕಿಗಳು ಹೋದಮೇಲೆ ರುದ್ರಮ್ಮನವರು ಬಾಯಿ ತೆರೆಯುವ ಮೊದಲೇ ನಾನು, “ಹೆಸರು ಹಾಕಿಲ್ಲ ಕಣಮ್ಮ, ದೇವರಾಣೆ” ಎಂದೆ.

“ಹೆಸ್ರು ಹಾಕಿದ್ರೆ ವಾಸಿಯಾಗಿತ್ತು ಕಣವ್ವ,” ಎಂದರು. ದನಿ ಏರಿಸಲಿಲ್ಲ. “ರುದ್ರಮ್ಮ ಅನ್ನೋರು ನಮ್ಮೂರಲ್ಲಿ ಬೀದಿಗೊಬ್ರು ಅವ್ರೆ. ಕರಡಿಗೆ ಕಟ್ಟೋಳು ನಾನೊಬ್ಳೇ.”

ನಾನು ಮೆಷಿನ್ ನಿಲ್ಲಿಸಿದೆ.

“ನಿನ್ನೆ ಅಕ್ಕನ ಬಳಗದಲ್ಲಿ ವಚನ ಹೇಳಾಕೆ ಕೂತೆ. ವರ್ಷಗಟ್ಲೆಯಿಂದ ನಾನೇ ಹೇಳಾದು. ಎಲ್ರೂ ಫೋನಲ್ಲಿ ಓದ್ಕಂಡು ಬಂದವ್ರೆ. ಒಬ್ಬಳಾದ್ರೂ ನನ್ ಮುಖ ನೋಡ್ಲಿಲ್ಲ ಕಣವ್ವ. ಅಷ್ಟೂ ಜನ ಇಲ್ ನೋಡ್ತಾವ್ರೆ.” ಕೈಯನ್ನು ಎದೆಯ ಹತ್ತಿರ ತಂದು, ಮುಟ್ಟದೆ ಕೆಳಗಿಳಿಸಿದರು. “ಯಾವ್ದು ನಿಜ, ಯಾವ್ದು ಹತ್ತಿ ಅಂತ ನೋಡ್ತಾವ್ರೆ.”

“ಹೌದು ಅಂದ್ರಾ ನೀವು?”

“ಹೂಂ ಅಂದಿಲ್ಲ. ಉಹೂಂ ಅನ್ನಾಕೂ ಬರಕಿಲ್ಲ ನಂಗೆ. ಲಿಂಗ ಮೈಮೇಲಿಟ್ಕಂಡು ಸುಳ್ಳು ಹೇಳಕಾಯ್ತದಾ? ಕಲ್ಲು ಅಂತ ಹೇಳಿದ್ದೂ ನಮ್ಮೆಜಮಾನ್ರು, ನಾನಲ್ಲ. ನಾಳೆ ಯಾರಾದ್ರೂ ಎದುರಿಗೆ ನಿಂತು ಕೇಳಿದ್ರೆ ಮುಗೀತು. ಅದಕ್ಕೇ ಇನ್ಮೇಲೆ ಮನೇಲೇ ಕೂತ್ಕತೀನಿ.” ಎದ್ದರು. “ಇಷ್ಟು ದೂರ ಬಸ್ಸು ಹತ್ಕಂಡು ಯಾಕ್ ಬತ್ತಿದ್ದೆ ಹೇಳು? ನಮ್ಮೂರಲ್ಲಿ ಟೈಲರ್ ಇಲ್ವಾ?”

ಹೊಲಿಯಲು ಕೊಟ್ಟಿದ್ದ ಎರಡು ಬಟ್ಟೆಯನ್ನೂ, ಅಳತೆ ಬ್ಲೌಸನ್ನೂ ವಾಪಸ್ಸು ತೆಗೆದುಕೊಂಡು ಹೋದರು.

ಜೂನ್ 17, ಮಂಗಳವಾರ

ನನ್ನನ್ನೇ ತಪ್ಪಿತಸ್ಥೆ ಮಾಡಿ ಹೋದರಲ್ಲ! ಕಾಯಿಲೆ ಬಂದದ್ದು ನಾಚಿಕೆಯ ವಿಷಯವೇ? ಮುಚ್ಚಿಡುವುದೇಕೆ? ಧೈರ್ಯವಾಗಿ ಹೇಳಿಕೊಂಡಿದ್ದರೆ ನಾಲ್ಕು ಜನರಿಗೆ ಉಪಕಾರವಾಗುತ್ತಿತ್ತು. ನಾನು ಒಳ್ಳೆಯದನ್ನೇ ಬರೆದದ್ದು. ಅವರನ್ನು ದೇವತೆ ಮಾಡಿ ಬರೆದಿದ್ದೆ. ಗುರುತು ಹಿಡಿದವರು ಆ ವಚನದ ಹೆಂಗಸರು. ಎದೆ ನೋಡಿದವರು ಅವರು. ಬೈಸಿಕೊಂಡವಳು ನಾನು.

ಆ ಹೆಂಗಸರ ಕಣ್ಣಿಗೆ ಮೆಣಸಿನಪುಡಿ ಬೀಳಲಿ.

ಜೂನ್ 18, ಬುಧವಾರ

ಬರಹ ತೆಗೆದುಹಾಕಿದೆ. ಪ್ರಯೋಜನವಿಲ್ಲ. ಸ್ಕ್ರೀನ್‌ಶಾಟು ತಿರುಗಾಡುತ್ತಿದೆ. ನನಗೇ ಒಂದು ಬಂತು, ‘ಎಲ್ಲ ತಾಯಂದಿರಿಗೂ ಕಳಿಸಿ’ ಅಂತ ಕೆಳಗೆ ಯಾರೋ ಸೇರಿಸಿದ್ದಾರೆ, ನನ್ನ ಹೆಸರನ್ನು ತೆಗೆದಿದ್ದಾರೆ. ಕರಡಿಗೆ ಮಾತ್ರ ಹಾಗೇ ಇದೆ.

ಪತ್ರಿಕೆಯ ಹುಡುಗಿ ಫೋನ್ ಮಾಡಿದಳು. ಹಾಕಬೇಡಿ ಎಂದೆ. ಯಾಕೆ ಮೇಡಂ ಎಂದಳು. ಬೇಡ ಅಂದರೆ ಬೇಡ ಎಂದು ಕಿರುಚಿದೆ. ಅವಳದೇನು ತಪ್ಪು, ಪಾಪ.

ಜೂನ್ 21, ಶನಿವಾರ

ಮಧ್ಯಾಹ್ನ ಒಬ್ಬಳು ಬಂದಳು. ಚಿಕ್ಕಬಸಮ್ಮ ಅಂತ, ನರಸೀಪುರದವಳು. ಬಣ್ಣ ಹೋದ ಒಂದು ಬ್ಲೌಸ್ ಪೀಸು ಹಿಡಿದುಕೊಂಡು ಬಂದಿದ್ದಳು. ಅಷ್ಟು ದೂರದಿಂದ ಅಂಥ ಪೀಸು ಹೊಲಿಸಲು ಯಾರೂ ಬರುವುದಿಲ್ಲ. ಕೂತವಳು ಗೋಡೆ ನೋಡಿದಳು, ಮೆಷಿನ್ ನೋಡಿದಳು, ನೇತುಹಾಕಿದ್ದ ಬ್ಲೌಸುಗಳ ಒಳಗೆ ಬೆರಳು ಹಾಕಿ ನೋಡಿದಳು.

“ನಮ್ ಕಡೆಯೋರೂ ಬತ್ತಾರಂತಲ್ಲ ನಿಮ್ತಾವ?” ಎಂದಳು. ಆಮೇಲೆ ಕರಡಿಗೆಯವರ ಹೆಸರು ಹೇಳಿದಳು. “ಅವ್ರು ನಮ್ ಓರಗಿತ್ತಿನೇ ಆಗ್ಬೇಕು. ಪಾಪ, ಈಗ ಹೊರಗೇ ಬತ್ತಿಲ್ಲ. ನೀವು ಫೋನಲ್ಲಿ ಬರ್ದಿದ್ದು ಓದ್ದೆ ಕಣ್ರೀ. ಬೋ ಚೆನ್ನಾಗ್ ಬರೀತೀರ. ಅದು ಅವ್ರದೇ ಅಲ್ವಾ? ನಂಗೇಳಿ, ನಾನ್ಯಾರ್ಗೂ ಏಳಾಕಿಲ್ಲ. ಇಲ್ಲಾಂದ್ರೆ ನಾನೇ ಅವ್ರನ್ನ ಕೂರಿಸ್ಕಂಡು ಕೇಳ್ಬುಡ್ತೀನಿ, ಮನೆಯೋರಲ್ವಾ.”

ಕೂರಿಸಿಕೊಂಡು ಕೇಳಿಬಿಡುತ್ತಾಳಂತೆ. ಕೇಳಿದರೆ ಅವರು ಸುಳ್ಳು ಹೇಳುವುದಿಲ್ಲ. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತರಿ ಕೆಳಗಿಟ್ಟೆ.

“ಯಾರದು ಅಂತ ಗೊತ್ತಾಗಬೇಕಾ ನಿಮಗೆ?”

“ಊಂ.”

“ನಂದು.”

ಅವಳಿಗೆ ಅರ್ಥವಾಗಲಿಲ್ಲ.

“ಆಪರೇಶನ್ ಆಗಿರೋದು ನನಗೆ ಕಣ್ರೀ. ನನ್ನದೇ ಕತೆ ಬರೆದಿದ್ದು. ನಾನು ಅಂತ ಯಾರಿಗೂ ಗೊತ್ತಾಗಬಾರದು ಅಂತ ಕರಡಿಗೆ ಸೇರಿಸ್ದೆ. ನಾವು ಗೌಡ್ರು, ಲಿಂಗ ಕಟ್ಟೋರಲ್ಲ. ಹಂಗೆ ಬರೆದ್ರೆ ನನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ ಅಂತ. ನಿಮ್ಮೋರು ಯಾರೋ ಪಾಪ ಸಿಕ್ಕಿಹಾಕ್ಕೊಂಡ್ರಾ? ಅವರು ಬರೋದು ನಿಮ್ಮ ಥರಾನೇ, ಬ್ಲೌಸ್ ಹೊಲ್ಸೋಕೆ.”

ಚಿಕ್ಕಬಸಮ್ಮನ ಕಣ್ಣು ಕೆಳಗಿಳಿಯಿತು. ನನ್ನ ಎದೆಯ ಮೇಲೆ ನಿಂತಿತು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಆಮೇಲೆ ಎಷ್ಟು ಮಾತಾಡಿದರೂ ಮೇಲೆ ಬರಲೇ ಇಲ್ಲ. ಅವತ್ತು ಸ್ಟೂಲಿನ ಮೇಲೆ ಕೂತು ಅವರು ಹೇಳಿದ್ದು ಇದನ್ನೇ. ಕೇಳುವುದು ಬೇರೆ, ಮೈಮೇಲೆ ಬೀಳುವುದು ಬೇರೆ. ಸೆರಗು ಎಳೆದುಕೊಳ್ಳಬಾರದು ಅಂತ ಹಲ್ಲು ಕಚ್ಚಿ ನಿಂತೆ.

ಹಾಳು ಪೀಸನ್ನು ಅಲ್ಲೇ ಮರೆತು ಹೋದಳು. ಬಸ್ಸು ಇಳಿಯುವುದರೊಳಗೆ ಊರಿಗೆಲ್ಲ ಸುದ್ದಿ. ಹೇಳಲಿ.

ಜೂನ್ 22, ಭಾನುವಾರ

ಒಬ್ಬಳಿಗೆ ಹೇಳಿದರೆ ಸಾಲದು. ಬ್ಲಾಗಿನಲ್ಲೂ ಹಾಕಿದೆ: ಒಳಜೇಬಿನ ಹೆಂಗಸು ನಾನೇ, ಕರಡಿಗೆ ನಾನು ಕಟ್ಟಿದ ಕತೆ, ಕ್ಷಮಿಸಿ. ಅಷ್ಟೇ.

ಅರ್ಧ ಜನ ‘ಸುಳ್ಳುಗಾತಿ, ನಮ್ಮ ಲಿಂಗ ನಿನ್ನ ಕತೆಗೆ ಬೇಕಿತ್ತಾ’ ಅಂತ ಉಗಿದರು. ಅವರ ಮೇಲೆ ಸಿಟ್ಟಿಲ್ಲ. ಉಳಿದ ಅರ್ಧ ಜನ ‘ನಿಮ್ಮ ಧೈರ್ಯಕ್ಕೆ ಸಲಾಂ ಅಕ್ಕ’ ಅಂದರು. ಅದನ್ನು ಓದಲಾಗಲಿಲ್ಲ. ಪತ್ರಿಕೆಯ ಹುಡುಗಿ ಮತ್ತೆ ಮೆಸೇಜ್ ಮಾಡಿ, ಈಗ ನಿಮ್ಮದೇ ಫೋಟೋ ಹಾಕೋಣ ಮೇಡಂ ಎಂದಳು. ಬ್ಲಾಕ್ ಮಾಡಿದೆ.

ನಿಂಗರಾಜು ಓದಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಏನೇ ಇದು? ನಿಂಗೇನಾಗದೆ? ಗುಂಡ್ಕಲ್ಲಂಗ್ ಇದ್ದೀಯಲ್ಲೇ.”

“ಏನೂ ಆಗಿಲ್ಲ.”

“ಮತ್ತೆ?”

“ಕೇಳ್ಬೇಡಿ.”

“ಆ ಒಳಜೇಬಿನ ಯಮ್ಮನಿಗೋಸ್ಕರನಾ? ಯಾರದು?”

“ಕೇಳ್ಬೇಡಿ ಅಂದ್ನಲ್ಲ.”

“ಫ್ಯಾಕ್ಟ್ರೀಲಿ ನಾಳೆ ನನ್ನ ಕೇಳ್ತಾರೆ ಕಣೇ, ನಿನ್ ಎಂಡ್ತಿಗೆ ಏನಾಗದೆ ಅಂತ. ನಾನೇನ್ ಏಳ್ಲಿ?”

“ಆಗದೆ ಅನ್ನಿ.”

ಅನ್ನ ಕಲಸಿದ್ದನ್ನು ಹಾಗೇ ಬಿಟ್ಟು ಎದ್ದು ಹೊರಗೆ ಹೋದ.

ಜೂನ್ 24, ಮಂಗಳವಾರ

ಅತ್ತೆ ಚಾಮುಂಡಮ್ಮ ತನ್ನ ಹಳ್ಳಿ ಹೆಡತಲೆಯಿಂದ ಅಳುತ್ತಾ ಬಂದಳು. ಯಾರೋ ಫೋನಿನಲ್ಲಿ ಓದಿ ಹೇಳಿದ್ದಾರೆ. ಸೀರೆಯ ಮಡಿಲಲ್ಲಿ ನಾಟಿಕೋಳಿ ಮೊಟ್ಟೆ. ಬಾಗಿಲಲ್ಲೇ ನನ್ನ ಗಲ್ಲ ಹಿಡಿದು, “ಯಾಕವ್ವ ನಂಗೇಳ್ನಿಲ್ಲ? ನಾನೇನ್ ಒರಗಿನೋಳಾ? ಮುಡುಕುತೊರೆ ಮಲ್ಲಪ್ಪಂಗೆ ಅರಕೆ ಕಟ್ಟೀವ್ನಿ. ತೋರ್ಸು, ವಾಸಿಯಾಗದಾ ನೋಡ್ತೀನಿ” ಎಂದಳು.

ಈ ಅತ್ತೆಯನ್ನು ಹದಿನಾರು ವರ್ಷದಿಂದ ಬೈದುಕೊಂಡು ಬಂದಿದ್ದೇನೆ. ಉಪ್ಪು ಹೆಚ್ಚು, ಮಾತು ಹೆಚ್ಚು ಅಂತ. ಇವತ್ತು ಅವಳು ನನ್ನ ಗಲ್ಲ ಬಿಡಲೊಲ್ಲಳು. ನಿಜ ಹೇಳಿದರೆ ಅವಳ ಸಂಕಟ ಇಳಿಯುತ್ತದೆ. ಆದರೆ ನಾಳೆ ಹೊತ್ತಾರೆ ಹೆಡತಲೆಯ ಕೊಳಾಯಿ ಹತ್ತಿರ ‘ನಮ್ ಸೊಸೆಗೇನಿಲ್ವಂತೆ ಕಣ್ರವ್ವ, ಯಾರ್ದೋ ಮೈಮೇಲೆ ಎಳ್ಕಂಡವ್ಳೆ’ ಅನ್ನುತ್ತಾಳೆ. ಸಂತೋಷಕ್ಕೇ ಅನ್ನುತ್ತಾಳೆ. ಅದು ನರಸೀಪುರ ಮುಟ್ಟದೆ ಇರುತ್ತದೆಯೇ?

ನಿಂಗರಾಜು ಒಳಗಿನಿಂದ ಬಂದ. ಅವ್ವನ ಕೈಯನ್ನು ನನ್ನ ಗಲ್ಲದಿಂದ ಬಿಡಿಸಿ ಹಿಡಿದುಕೊಂಡ.

“ಈಗ ವಾಸಿಯಾಗದೆ ಕಣವ್ವ. ನಾನೇ ಆಸ್ಪತ್ರೇಲಿದ್ದೆ. ನೀ ಗಾಬ್ರಿಯಾಗ್ತೀಯಾಂತ ನಾನೇ ಏಳ್ಬೇಡ ಅಂದಿದ್ದು.”

ಅವ್ವ ಅವನ ಬೆನ್ನಿಗೆ ಒಂದು ಗುದ್ದಿದಳು. ಅವನು ಗುದ್ದಿಸಿಕೊಂಡ. ನನ್ನ ಕಡೆ ನೋಡಲಿಲ್ಲ. ಆಮೇಲೆ ಮೊಟ್ಟೆ ಒಡೆದು ನನಗೆ ಮಾತ್ರ ಆಮ್ಲೆಟ್ ಹಾಕಿಕೊಟ್ಟರು, ತಾಯಿ ಮಗ ಇಬ್ಬರೂ ನಿಂತು. ನನ್ನ ಮೇಲೆ ನನಗೇ ಅಸಹ್ಯ ಬಂತು. ಆ ಕರಡಿಗೆ ಒಂದನ್ನು ಬರೆಯದಿದ್ದರೆ ಬರಹಕ್ಕೇನು ಕೇಡಾಗುತ್ತಿತ್ತು?

ಜುಲೈ 3, ಗುರುವಾರ

ಅವರು ಮತ್ತೆ ವಚನ ಹೇಳಲು ಹೋಗುತ್ತಿದ್ದಾರಂತೆ. ಮದನ್ ಬೇರೇನೋ ಹೇಳುವಾಗ ಮಧ್ಯೆ ಬಂತು, ಅವನ ಅತ್ತೆ ಮನೆ ಆ ಕಡೆಯೇ. ನಾನು ಕೇಳಿಸಿಕೊಳ್ಳದವಳ ಹಾಗೆ ಬಿಳಿ ದಾರ ಕೇಳಿದೆ. ನನ್ನ ಅಂಗಡಿಗೆ ಅವರು ಬಂದಿಲ್ಲ. ಬರುವುದೂ ಬೇಡ. ಬಂದರೆ ಮತ್ತೆ ಅನುಮಾನ.

ಈಗ ಗಿರಾಕಿಗಳು ನನ್ನ ಎದೆಯ ಜೊತೆ ಮಾತಾಡುತ್ತಾರೆ. ‘ಕತ್ತು ಸ್ವಲ್ಪ ಅಗಲ ಇಡಿ’ ಅನ್ನುವುದೂ ಅದಕ್ಕೇ, ‘ಯಾವಾಗ ಕೊಡ್ತೀರ’ ಅನ್ನುವುದೂ ಅದಕ್ಕೇ. ಬ್ಯಾಂಕಿನವರೊಬ್ಬರು ಬಂದು ಪಿಸುದನಿಯಲ್ಲಿ, ಎಡದ್ದು ಹತ್ತಿನಾ ಎಂದರು. ‘ನಿಮ್ಮದು ಬಿಗಿಯಾಗಿತ್ತಲ್ಲ, ತಂದಿದ್ದೀರಾ, ಬಿಡಿಸಿಕೊಡ್ತೀನಿ’ ಎಂದೆ.

ಬ್ಲಾಗಿನಲ್ಲಿ ಏನೂ ಬರೆದಿಲ್ಲ. ಬರೆಯಲು ಕೂತರೆ ಎಲ್ಲರ ಮೈಯೂ ಕಾಣುತ್ತದೆ.

ಜುಲೈ 12, ಶನಿವಾರ

ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬರು ಬಂದರು. ಹೊಸಬರು. ಎಲ್ಲಿಯವರು ಎಂದು ಕೇಳಿದೆ, ಹೇಳಿದರು. ಬಟ್ಟೆ ತಂದಿರಲಿಲ್ಲ. ಕೂರಲೂ ಇಲ್ಲ.

“ನಿಮ್ಗೂ ಆಪರೇಶನ್ ಆಗದೆ ಅಂತ ಓದ್ದೆ,” ಎಂದರು. “ಅದಕ್ಕೇ ಬಂದೆ. ಆಗದೇ ಇರೋರ್ ಮುಂದೆ ಬಿಚ್ಚಾಕೆ ಆಯ್ತಿಲ್ಲ ನಂಗೆ. ಒಬ್ಬ ಟೈಲರಮ್ಮ ಟೇಪು ಹಿಡ್ಕಂಡು ಕಣ್ ಮುಚ್ಕಬುಟ್ಲು.”

ನನಗೇನೂ ಆಗಿಲ್ಲ, ನಾನು ಸುಳ್ಳಿ ಅಂತ ಬಾಯಿತನಕ ಬಂತು. ಇವರಿಗೆ ನಿಜ ಹೇಳಿದರೆ ಕರಡಿಗೆಯವರ ಗುಟ್ಟು ಒಡೆಯುತ್ತದೆ. ಹೇಳದಿದ್ದರೆ ಇವರು ನಂಬಿಕೊಂಡು ಬಂದದ್ದು ನನ್ನಲ್ಲಿ ಇಲ್ಲವೇ ಇಲ್ಲ. ಈ ಗಂಟು ಹಾಕಿದವಳು ನಾನೇ. ಯಾರನ್ನು ಬೈಯಲಿ?

“ನಿಮ್ಗೆ ಯಾವ್ ಕಡೆ ಅಕ್ಕ?” ಎಂದರು.

ಅವರು ಒಂದು ಕಡೆಗೆ ಕೈ ಒತ್ತಿಹಿಡಿದುಕೊಂಡಿದ್ದರು. ಆ ಕಡೆಯನ್ನೇ ಹೇಳಿದೆ.

ಅವರು ಸೆರಗಿನ ಪಿನ್ನು ತೆಗೆಯತೊಡಗಿದರು. ನಾನು ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ, ಟೇಪು ತೆಗೆದುಕೊಂಡು ಬಂದೆ.